ಪಾಚಿಯ ಜೀವಿಗೆ ಅವ್ವನ ಹೆಸರು

ಸಣ್ಣಮಾದಯ್ಯನವರು ಎದುರಿಗೆ ಬಂದವರ ಮುಖ ನೋಡಿ ನಡೆದವರೇ ಅಲ್ಲ. ದೃಷ್ಟಿ ಸದಾ ಕಾಂಪೌಂಡಿನ ಬುಡದಲ್ಲಿ. ಕುಂಬಾರಕೊಪ್ಪಲಿನ ಮನೆಯಿಂದ ಜಯಲಕ್ಷ್ಮಿಪುರಂವರೆಗೆ ಗೋಡೆ ಸವರಿಕೊಂಡೇ ಸಾಗುವ ಆ ಮಂದಗಮನವನ್ನು ಕಂಡು, ಪಾಪ, ಏನೋ ಕಳೆದುಕೊಂಡಿದ್ದಾರೆಂದು ಮರುಗಿ, ಗೊತ್ತಿಲ್ಲದವರು ತಾವೂ ಬಗ್ಗಿ ಹುಡುಕಿದ್ದುಂಟು. ಪ್ರಾಣಿಶಾಸ್ತ್ರದ ಈ ನಿವೃತ್ತ ಅಧ್ಯಾಪಕರು ಅರಸುವುದು ಒಣಗಿದ ಪಾಚಿಯನ್ನು. ಮೊಣಕೈ ಸವೆದ ಕಂದು ಸ್ವೆಟರಿನ ಜೇಬಿನಲ್ಲಿ ಬೆಂಕಿಪೊಟ್ಟಣ. ಬೀಡಿ ಮುಟ್ಟದ ಈ ಮನುಷ್ಯನ ಪೊಟ್ಟಣದಲ್ಲಿ ಕಡ್ಡಿಯ ಬದಲು ಪಾಚಿಯ ಚೂರು.

ಆ ಚೂರಿಗೆ ನೀರು ಹನಿಸಿ ಕಾದರೆ, ತಿಂಗಳುಗಟ್ಟಲೆ ಮುದುಡಿ ಮಲಗಿದ್ದ ಜೀವಿಗಳು ಎದ್ದು ಈಜತೊಡಗುತ್ತವೆ: ಒಂದೇ ಕೋಶದ ಮೈ, ಅವರೆಕಾಳಿನ ಆಕಾರ, ಮೈತುಂಬ ಸಾಲುಸಾಲಾಗಿ ಮಿಡಿಯುವ ರೋಮ. ಆ ಸಾಲುಗಳೆಷ್ಟು ಎಂಬುದು ಜಾತಿನಿರ್ಣಯಕ್ಕೆ ಮುಖ್ಯ ಆಧಾರ. ಸೂಕ್ಷ್ಮದರ್ಶಕಕ್ಕೆ ಕಣ್ಣೊಡ್ಡಿ, "ಇರಿ, ಇನ್ನೊಂದ್ಸಲ ಎಣಿಸ್ಬುಡನ" ಎನ್ನುವುದು ಅವರ ಮಾತಿನ ಪಲ್ಲವಿ. ತರಕಾರಿಯವನು ಕೊಟ್ಟ ನಿಂಬೆಹಣ್ಣಿಗೂ ಅದೇ ಮಾತು.

ಆರು ವರ್ಷ ಎಣಿಸಿದ ಮೇಲೆ, ಯಾವ ಗ್ರಂಥದಲ್ಲೂ ಕಾಣದಷ್ಟು ಸಾಲುಗಳುಳ್ಳ ಜೀವಿಯೊಂದು ಸಿಕ್ಕಿತೆಂದು ನಂಬಿದರು. ಅದಕ್ಕೆ ತಾಯಿ ಸಿದ್ದಲಿಂಗಮ್ಮನ ಹೆಸರಿಡುವುದೆಂದು ನಿಶ್ಚಯಿಸಿದರು. ಕಂಡವರ ಹಿತ್ತಿಲು ಗುಡಿಸಿ ಮಗನನ್ನು ಓದಿಸಿದ ಆ ತಾಯಿಯನ್ನು ಬದುಕಿನುದ್ದಕ್ಕೂ 'ಏ, ಇವಳೇ' ಎಂದು ಕೂಗಿದವರೇ ಹೊರತು ಹೆಸರು ಹಿಡಿದು ಕರೆದವರಿಲ್ಲ. ಆ ಹೆಸರು ವಿದ್ವಾಂಸರ ಗ್ರಂಥಗಳಲ್ಲಿ ಅಚ್ಚಾಗಬೇಕೆಂಬುದು ಮಗನ ಏಕೈಕ ಆಸೆ. ವಿದೇಶದ ಪತ್ರಿಕೆಯೊಂದು ಪ್ರಬಂಧವನ್ನು ಒಪ್ಪಿಯೂ ಕೊಂಡಿತು.

ಅಚ್ಚಾಗುವ ಮುನ್ನ ಹೊಸ ಪಾಚಿ ನೆನೆಸಿ ಮತ್ತೊಮ್ಮೆ ಎಣಿಸಿದರು. ಸಾಲುಗಳು ಕಡಿಮೆ ಬಂದವು. ತಪ್ಪೆಲ್ಲಿ ಎಂದು ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಸಾಕಿದ ಜೀವ ಹಸಿದಿರಬಾರದೆಂದು ಗಾಜಿನ ತಟ್ಟೆಗೆ ದಿನವೂ ಅನ್ನದ ಅಗುಳು ಹಾಕುತ್ತಿದ್ದರು; ಅಗುಳಿನಲ್ಲಿ ಬೆಳೆದ ಬ್ಯಾಕ್ಟೀರಿಯಾ ತಿಂದು ಅವು ಕೊಬ್ಬಿದ್ದವು, ಮೈ ಹಿಗ್ಗಿದಂತೆ ರೋಮದ ಸಾಲೂ ಹೆಚ್ಚಿತ್ತು. ಹೊಸ ತಟ್ಟೆಗೆ ಇನ್ನೂ ಅಗುಳು ಬಿದ್ದಿರಲಿಲ್ಲ. ಅದು ಎಲ್ಲರೂ ಬಲ್ಲ ಹಳೆಯ ಜಾತಿಯೇ.

ಪ್ರಬಂಧ ತಿದ್ದಿಕೊಟ್ಟಿದ್ದ ಹಳೆಯ ಸಹೋದ್ಯೋಗಿ ಬಿಂದುಮಾಧವರು ಸಂಗತಿ ಕೇಳಿ ಸಂಕಟಪಟ್ಟರು. "ಸುಮ್ನಿರಿ ಮಾದಯ್ಯನೋರೆ, ಇದನ್ನ ಎಣಿಸೋಕೆ ಇನ್ಯಾರು ಬರ್ತಾರೆ? ಅವರೇ ಒಪ್ಪಿದ್ಮೇಲೆ ಅಚ್ಚಾಗ್ಲಿ ಬಿಡಿ."

ಸಣ್ಣಮಾದಯ್ಯನವರು ಸೂಕ್ಷ್ಮದರ್ಶಕಕ್ಕೆ ಬಟ್ಟೆ ಹೊದಿಸಿದರು. ಕಣ್ಣು ಒದ್ದೆಯಾಗಿತ್ತು.

"ನಮ್ಮವ್ವ ಒಂದಿನಾನೂ ಸುಳ್ಳು ಹೇಳ್ದೋಳಲ್ಲ ಸಾರ್. ಅವಳ ಹೆಸರ್ನ ಸುಳ್ಳಿಗೆ ಎಂಗಿಡ್ಲಿ?"

ಅಂದೇ ಪ್ರಬಂಧವನ್ನು ಹಿಂತೆಗೆದುಕೊಂಡರು. ಬೇರೆಯವರು ಎಡವದಿರಲೆಂದು, ತಾವು ಅನ್ನ ಹಾಕಿ ಕೆಟ್ಟ ಕಥೆಯನ್ನು ಒಂದು ಪುಟದ ಟಿಪ್ಪಣಿಯಾಗಿ ಬರೆದು ಅದೇ ಪತ್ರಿಕೆಗೆ ಕಳಿಸಿದರು.

ಹೊಸದನ್ನು ಕಂಡವರ ಹೆಸರು ಗ್ರಂಥಗಳಲ್ಲಿ ಉಳಿಯುತ್ತದೆ. ಕಂಡೆನೆಂದು ಹಿಗ್ಗಿ, ಆಮೇಲೆ ಕಂಡಿಲ್ಲವೆಂದು ತಾವೇ ಒಪ್ಪಿಕೊಂಡವರಿಗೆ ಅಲ್ಲಿ ಒಂದು ಸಾಲಿನ ಜಾಗವೂ ಸಿಗುವುದಿಲ್ಲ. ಆದರೆ ಆ ಗ್ರಂಥಗಳನ್ನು ನಾವು ನಂಬಿ ಓದುತ್ತಿರುವುದು ಇಂಥವರ ದೆಸೆಯಿಂದಲೇ.