ಮೂವತ್ತೊಂದು ಜನರ ಸಾಕ್ಷಿ

ತಾನು ಬರೆದದ್ದು ಸುಳ್ಳೆಂದು ತಾನೇ ಒಪ್ಪಿಕೊಂಡರೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು ನೀಲಾಂಬಿಕ. ಎಂಥ ಹುಚ್ಚು! ಲಕ್ಕಿ ಸೊಪ್ಪಿನ ಕಷಾಯದಲ್ಲಿ ಬೀಜದ ಶುಂಠಿ ನೆನೆಸಿ ನೆಟ್ಟರೆ ಕೊಳೆರೋಗ ಬರುವುದಿಲ್ಲವೆಂದು ಕೃಷಿ ವಿಜ್ಞಾನಿಯಾದ ಅವಳು ಏಳು ವರ್ಷದ ಹಿಂದೆ ಪ್ರಬಂಧ ಪ್ರಕಟಿಸಿದ್ದಳು. ಪ್ರಯೋಗ ನಡೆದದ್ದು ಸೊರಬದ ಹೊಸಬಾಳೆಯಲ್ಲಿ, ಸಣ್ಣಪ್ಪನ ಹೊಲದಲ್ಲಿ. ಅರ್ಧ ಮಡಿಗಳಿಗೆ ಕಷಾಯದ ಬೀಜ, ಅರ್ಧಕ್ಕೆ ಬರೀ ಬೀಜ. ಉಳಿದ ಆರೈಕೆಯೆಲ್ಲ ಒಂದೇ ಆಗಿರಬೇಕೆಂದು ಸಾರಿ ಸಾರಿ ಹೇಳಿದ್ದಳು.

ಪ್ರಬಂಧ ಅಚ್ಚಾದ ಮರುವರ್ಷ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಸಣ್ಣಪ್ಪ ಹೆಮ್ಮೆಯಿಂದಲೇ ಬಾಯಿಬಿಟ್ಟ.

"ಕಷಾಯದ ಮಡಿ ಮೇಲೆ ನಿಮ್ ಹೆಸ್ರಿನ್ ಬೋರ್ಡ್ ಇತ್ತಲ್ರೀ. ಅದೇ ಕೊಳೆತ್ರೆ ನಿಮ್ ಮರ್ಯಾದಿ ಏನಾಗ್ಬೇಕು? ಅದಕ್ಕೆ ನೀರ್ ನಿಲ್ದಂಗೆ ಅವಕ್ ಮಾತ್ರ ಬಸಿಗಾಲ್ವೆ ಆಳಕ್ಕೆ ತೆಗ್ದಿದ್ದೆ."

ನೀಲಾಂಬಿಕ ಎತ್ತಿದ ತುತ್ತನ್ನು ಎಲೆಯಲ್ಲೇ ಇಟ್ಟಳು. ಕೊಳೆ ತಡೆದದ್ದು ಕಷಾಯವಲ್ಲ, ಸಣ್ಣಪ್ಪನ ಗುದ್ದಲಿ. ತನ್ನ ಮರ್ಯಾದೆಗಾಗಿ ಬೆನ್ನು ಮುರಿದುಕೊಂಡ ಮನುಷ್ಯನನ್ನು ಬೈಯುವುದಾದರೂ ಹೇಗೆ?

ಪ್ರಬಂಧವನ್ನು ಹಿಂಪಡೆದಳು. ಬಡ್ತಿ ಕೈತಪ್ಪಿತು, ಜೊತೆಯವರು ಕೊಂಕು ನಗೆ ನಕ್ಕರು, ಎಲ್ಲ ನುಂಗಿಕೊಂಡಳು. ಆದರೆ ಆ ಹಾಳು ಪ್ರಬಂಧ ಸಾಯಬೇಕಲ್ಲ! ಎಲ್ಲೆಲ್ಲಿಯವರೋ ತಮ್ಮ ಪ್ರಬಂಧಗಳಲ್ಲಿ ಅದನ್ನೇ ಆಧಾರವೆಂದು ಕೊಟ್ಟರು, ಅವರನ್ನು ನೋಡಿ ಮತ್ತೊಬ್ಬರು ಕೊಟ್ಟರು. ಒಬ್ಬನಾದರೂ ಮೂಲ ತೆರೆದಿದ್ದರೆ ಮೊದಲ ಪುಟದ ನೆತ್ತಿಯ ಮೇಲೇ ಕೆಂಪಕ್ಷರದಲ್ಲಿ 'ಹಿಂಪಡೆಯಲಾಗಿದೆ' ಎಂದು ಕಾಣುತ್ತಿತ್ತು. ತೆರೆಯುವ ಪುರುಸೊತ್ತು ಯಾವ ಪುಣ್ಯಾತ್ಮನಿಗಿದೆ?

ಈ ವರ್ಷ ಶಿಕಾರಿಪುರದ ರೈತರಿಗೆ ಹಂಚುವ ಕೈಪಿಡಿಯಲ್ಲೂ ಕಷಾಯ ಸೇರಿದೆಯೆಂದು ಗೊತ್ತಾಯಿತು. ನಾಟಿಯ ಕಾಲ ಹತ್ತಿರ ಬಂದಿತ್ತು. ಅದು ಅಚ್ಚಿಗೆ ಹೋಗುವ ಮೊದಲೇ, ಕೈಪಿಡಿ ಸಿದ್ಧಪಡಿಸುತ್ತಿದ್ದ ತೀರ್ಥೇಶನ ಮುಂದೆ ಹೋಗಿ ಕೂತಳು. ದಯವಿಟ್ಟು ಆ ಪುಟ ತೆಗೆದುಹಾಕಿ, ಜನ ಹಾಳಾಗುತ್ತಾರೆ ಎಂದು ಬೇಡಿಕೊಂಡಳು. ಆತ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದ.

"ಮೂವತ್ತೊಂದು ಜನ ಇದು ಸರಿ ಅಂತ ಬರ್ದಾರೆ ಮೇಡಂ. ತಪ್ಪು ಅನ್ನೋರು ನೀವೊಬ್ರೇ."

ಆ ಮೂವತ್ತೊಂದೂ ನನ್ನ ಒಂದು ಸುಳ್ಳಿನ ಮೇಲೆ ನಿಂತಿವೆಯಲ್ಲ ಎಂದು ಕಿರುಚಬೇಕೆನಿಸಿತು, ಮೆಲ್ಲಗೇ ಹೇಳಿದಳು. ತೀರ್ಥೇಶ ಚಹಾ ತರಿಸಿದ. ಕೈಪಿಡಿ ಅಚ್ಚಾಯಿತು.

ಶ್ರಾವಣದಲ್ಲಿ ಅಂಜನಾಪುರದ ಉಚ್ಚಂಗಪ್ಪನೆಂಬ ರೈತ ಅವಳ ಕಚೇರಿ ಹುಡುಕಿಕೊಂಡು ಬಂದ. ಚೀಲದಲ್ಲಿ ಗಬ್ಬು ನಾರುವ ಶುಂಠಿ, ಕೈಯಲ್ಲಿ ಕೈಪಿಡಿ. ಬೈಯುತ್ತಾನೆಂದುಕೊಂಡಳು, ಬೈದಿದ್ದರೆ ಎಷ್ಟೋ ಹಿತವಿತ್ತು. ಎಕರೆಗೆ ಎಕರೆಯೇ ಕೊಳೆಯಿತೆಂದು ಹೇಳಿ, ಕೈಪಿಡಿಯಲ್ಲಿ ಅಚ್ಚಾಗಿದ್ದ ಅವಳ ಹೆಸರಿನ ಮೇಲೆ ಬೆರಳಿಟ್ಟು, ತಾನೆಲ್ಲಿ ತಪ್ಪಿದೆನೆಂದು ಕೇಳಿದ. ತಪ್ಪು ನಿನ್ನದಲ್ಲಪ್ಪ, ನನ್ನದು, ಕಷಾಯದಿಂದ ಏನೂ ಆಗುವುದಿಲ್ಲವೆಂದು ಬಿಡಿಸಿ ಬಿಡಿಸಿ ಹೇಳಿದಳು. ಉಚ್ಚಂಗಪ್ಪ ಸಂಕೋಚದಿಂದ ನಕ್ಕು ಚೀಲದ ಬಾಯಿ ಕಟ್ಟಿದ.

"ನಮ್ಗೆ ಬ್ಯಾಸ್ರ ಆಗ್ಬಾರ್ದು ಅಂತ ಹಂಗಂತೀರಿ, ಬಿಡ್ರಿ. ಮುಂದಿನ ವರ್ಷ ಇನ್ನೊಂದ್ ತಾಸು ಹೆಚ್ಚಿಗೆ ನೆನಸ್ತೀನಿ."