ಒಂದು ಹನಿ ರಕ್ತದ ವಾದ

ದೋಹಾದ ಆ ಖಾಸಗಿ ಆಸ್ಪತ್ರೆಯಲ್ಲಿ ಮುಂದೆ ವಾರ್ಡ್ ಇನ್‌ಚಾರ್ಜ್ ಆಗಲಿದ್ದ ಆರು ನರ್ಸುಗಳಿಗೆ ಫ್ಲೋರಿನ್ ಡಿಸೋಜ ಬುಧವಾರ ಮಧ್ಯಾಹ್ನ ಪಾಠ ಮಾಡುತ್ತಿದ್ದಳು. ಮಂಗಳೂರು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಅವಳು ಕಲಿಸುತ್ತಿದ್ದುದು ಸೂಜಿ ಚುಚ್ಚುವುದನ್ನಲ್ಲ, ಯೋಚಿಸುವುದನ್ನು. ಕಣ್ಣು ಕಂಡದ್ದೆಷ್ಟು, ಮನಸ್ಸು ಸೇರಿಸಿದ್ದೆಷ್ಟು. ದೊಡ್ಡವರು ತಪ್ಪು ಮಾಡುವಾಗ ದನಿ ಏರಿಸದೆ ಒಪ್ಪಿಸುವುದು ಹೇಗೆ. ಹುಡುಗಿಯರಲ್ಲಿ ಚುರುಕಾದವಳು ನುಸೈಬಾ, ದೋಹಾದ ಅಲ್ ಮನ್ಸೂರಾ ಬಡಾವಣೆಯಲ್ಲೇ ಬೆಳೆದ ಬ್ಯಾರಿ ಮನೆತನದವಳು. ಎದುರು ಪ್ರಶ್ನೆ ಹಾಕದೆ ಯಾವುದನ್ನೂ ಒಪ್ಪುವವಳಲ್ಲ.

೧೯೯೬ರ ಜುಲೈನ ಒಂದು ಬುಧವಾರ, ಪಾಠದ ನಡುವೆ ಪಕ್ಕದ ಕ್ಯಾಶುವಲ್ಟಿಯಿಂದ ಗಾಜು ಒಡೆದ ಸದ್ದು, ಹಿಂದೆಯೇ ಅಲ್ಲಿನ ನರ್ಸ್ ಲೊರ್ನಾಳ ಚೀರಾಟ ಕೇಳಿಸಿತು. ಎಲ್ಲರೂ ಓಡಿದರು.

ಅಲ್ ಶಮಾಲ್ ಕಡೆಯ ಕಟ್ಟಡ ಕೆಲಸದಿಂದ ಕರೆತಂದಿದ್ದ ಪಂಚಪ್ಪನೆಂಬ ಗಟ್ಟಿ ಆಳು ಡ್ರಿಪ್ ಸ್ಟ್ಯಾಂಡನ್ನು ಗದೆಯಂತೆ ಬೀಸುತ್ತಿದ್ದ. ಔಷಧಿಯ ಬೀರು ಚೂರುಚೂರಾಗಿತ್ತು. ಮೂಲೆಯಲ್ಲಿ ಕುಸಿದಿದ್ದ ಲೊರ್ನಾಳ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಕುಡಿದಿದ್ದಾನೆ," ಎಂದು ಬಾಗಿಲಲ್ಲಿ ನಿಂತ ಡಾಕ್ಟರು ಕೂಗಿದರು. "ನಿದ್ದೆ ಇಂಜೆಕ್ಷನ್ ಕೊಟ್ಟು ಕಟ್ಟಿ ಹಾಕಿ!"

ಫ್ಲೋರಿನ್ ಮುಂದೆ ಹೋಗಿ, "ಏನಾಯ್ತು ಹೇಳಿ ಅಣ್ಣಾ," ಎಂದಳು. ಉತ್ತರವಾಗಿ ಕಬ್ಬಿಣದ ಕೋಲೇ ಬಂತು. ಬಾಯಿಯೊಳಗೆ ಏನೋ ಮುರಿದಂತಾಯಿತು. ಉಗುಳಿದಳು. ಅಂಗೈಯಲ್ಲಿ ಎರಡು ಹಲ್ಲು.

ಆಮೇಲೆ ಅವಳು ಕೂಗಿದ್ದು ಅವಳಿಗೇ ಅಪರಿಚಿತ ದನಿಯಲ್ಲಿ. "ಹೊಡೀರಿ ಅವನಿಗೆ! ಹೊಡೆದು ಬೀಳಿಸಿ!"

ಕಾವಲಿನವರಿಬ್ಬರು ಅದನ್ನೇ ಕಾಯುತ್ತಿದ್ದಂತೆ ಲಾಠಿ ಎತ್ತಿದರು. ಮೊಣಕಾಲಿಗೆ ಒಂದು, ಬೆನ್ನಿಗೆ ನಾಲ್ಕು. ಕೆಳಗೆ ಬಿದ್ದವನ ಬಲಗೈಯನ್ನು ಒಬ್ಬ ಬೂಟುಗಾಲಲ್ಲಿ ತುಳಿದ. ಒಣಕಟ್ಟಿಗೆ ಮುರಿದಂತೆ ಲಟಕ್ಕೆಂದಿತು. ಪಂಚಪ್ಪ ಕಿರುಚಲಿಲ್ಲ, ಗಂಟಲಲ್ಲಿ ಗೊರಗೊರ ಸದ್ದು ಮಾಡಿದ ಅಷ್ಟೆ. "ಖಲಾಸ್," ಎಂದ ತುಳಿದವನು.

ಫ್ಲೋರಿನ್ ನಿದ್ದೆ ಮದ್ದನ್ನು ಸಿರಿಂಜಿಗೆ ತುಂಬಿಕೊಂಡು ಬಗ್ಗಿದಳು. ನುಸೈಬಾ ಅಡ್ಡ ಬಂದು ಬಿದ್ದವನ ಪಕ್ಕ ಮಂಡಿಯೂರಿದಳು.

"ಮೇಡಂ, ನಿಲ್ಲಿ. ಇವರ ಬಾಯಲ್ಲಿ ವಾಸನೆ ಇಲ್ಲ. ಇಷ್ಟು ಎಸಿಯಲ್ಲೂ ಬೆವರಿಗೆ ಅಂಗಿ ಚಂಡಿಯಾಗಿದೆ, ಮೈ ಮಾತ್ರ ತಣ್ಣಗೆ ಉಂಟು."

"ಏಳು ಅಲ್ಲಿಂದ!"

"ಕುಡಿದದ್ದು ಅಂತ ಯಾರು ನೋಡಿದ್ದು ಮೇಡಂ?"

ಫ್ಲೋರಿನ್ ಅವಳ ಕೆನ್ನೆಗೆ ಬಾರಿಸಿದಳು. ಏಟಿನ ಬಿರುಸಿಗೆ ನುಸೈಬಾಳ ತಲೆ ಮಂಚದ ಕಾಲಿಗೆ ಬಡಿಯಿತು.

ನುಸೈಬಾ ನೆಟ್ಟಗೆ ಕೂತಳು. "ನಾನು ಕೇಳುವುದು ಒಂದು ಹನಿ ರಕ್ತ, ಸಕ್ಕರೆ ನೋಡ್ಲಿಕ್ಕೆ. ನಾನು ಹೇಳಿದ್ದು ತಪ್ಪಾದರೆ ಒಂದು ನಿಮಿಷ ಹೋಗ್ತದೆ. ನೀವು ಹೇಳಿದ್ದು ತಪ್ಪಾದರೆ ಈ ಮನುಷ್ಯ ಹೋಗ್ತಾರೆ."

ಫ್ಲೋರಿನ್‌ಗೆ ಆ ಕ್ಷಣ ಪಂಚಪ್ಪ ಸಾಯಲಿ ಎಂದೇ ಅನಿಸಿತ್ತು. ಆದರೆ ಆ ಲೆಕ್ಕ ಸರಿಯಾಗಿತ್ತು. ಸಿರಿಂಜು ಹಿಡಿದ ಕೈ ತಾನಾಗಿ ಕೆಳಗಿಳಿಯಿತು.

ಬೆರಳಿಗೆ ಚುಚ್ಚಿದರು. ಸಕ್ಕರೆ ಇಪ್ಪತ್ತಾರು. ಜೀವಕ್ಕೇ ಅಪಾಯವಾಗುವಷ್ಟು ಕಡಿಮೆ; ಇಷ್ಟು ಇಳಿದರೆ ಮನುಷ್ಯ ಎಚ್ಚರ ತಪ್ಪಿ ಕುಡಿದವನಂತೆ ಆಡುತ್ತಾನೆ.

"ಗ್ಲೂಕೋಸ್!" ಎಂದು ಡಾಕ್ಟರು ಓಡಿಬಂದರು. ಸಿರಿಂಜು ಎಸೆದು ನರ ಹುಡುಕಿದವಳು ಫ್ಲೋರಿನ್ನೇ. ಅವಳ ಬಾಯಿಯ ರಕ್ತ ಅವನ ತೋಳ ಮೇಲೆ ತೊಟ್ಟಿಕ್ಕುತ್ತಿತ್ತು. ಐದು ನಿಮಿಷದಲ್ಲಿ ಪಂಚಪ್ಪ ಕಣ್ಣು ಬಿಟ್ಟ. ಮುರಿದ ಕೈ ಅಲುಗಿದಾಗ ಕಿರುಚಿದ.

ವಿಷಯ ತಿಳಿದದ್ದು ಹೊರಗೆ ಕೂತಿದ್ದ ಜೊತೆಗಾರ ಚನ್ನಬಸವನಿಂದ. "ಸಕ್ರಿ ಬ್ಯಾನಿ ಐತ್ರಿ ಅವಗ. ಗೊತ್ತಾದ್ರ ಊರಿಗೆ ಕಳಸ್ತಾರಂತ ಮುಚ್ಚಿಟ್ಟಿದ್ದ. ಗುಳಗಿ ನುಂಗಿ, ಊಟ ಬಿಟ್ಟು ಬಿಸಲಾಗ ದುಡದಾನ್ರಿ."

ಕಾವಲಿನವರು ಕುಡಿದ ಗಲಾಟೆಯೆಂದು ಪೊಲೀಸರಿಗೆ ದೂರು ಬರೆಯಲು ಕೂತಿದ್ದರು. ತುಟಿಗೆ ಹೊಲಿಗೆ ಹಾಕಿಸಿಕೊಂಡು ಬಂದ ಫ್ಲೋರಿನ್, ನುಸೈಬಾಳನ್ನು ಪಕ್ಕಕ್ಕೆ ಕರೆದಳು. "ತಪ್ಪಾಯಿತು ಮಗಾ."

"ನನಗೆ ಹೇಳಿದ್ರೆ ಸಾಕಾಗುದಿಲ್ಲ ಮೇಡಂ," ಎಂದಳು ನುಸೈಬಾ. ಕೆನ್ನೆಯಲ್ಲಿ ಬೆರಳುಗಳು ಇನ್ನೂ ಮೂಡಿದ್ದವು. "ರಿಪೋರ್ಟಲ್ಲಿ ಬರೀರಿ."

ಬರೆದಳು. ಹೊಡೀರಿ ಅಂದದ್ದನ್ನೂ ಶಿಷ್ಯೆಗೆ ಹೊಡೆದದ್ದನ್ನೂ ಬಿಡಲಿಲ್ಲ. ದೂರು ಅಲ್ಲಿಗೇ ನಿಂತಿತು. ಆಡಳಿತದವರು ಫ್ಲೋರಿನ್‌ಳ ಪಾಠವನ್ನೂ ನಿಲ್ಲಿಸಿದರು.

ಮರುದಿನ ಅವಳು ವಾರ್ಡಿಗೆ ಹೋದಾಗ ಪಂಚಪ್ಪ ಪ್ಲಾಸ್ಟರಿನ ಕೈಯನ್ನು ಎದೆಯ ಮೇಲಿಟ್ಟು ಮಲಗಿದ್ದ.

"ನಿಮ್ಮ ಬಾಯಿಗೆ ಏನಾತ್ರಿ ಅಕ್ಕಾರ?"

"ನೀವು ಹೊಡೆದದ್ದು."

ಅವನು ಗಾಬರಿಯಿಂದ ಎದ್ದು ಕೂತ. "ನಾನಾ? ದೇವ್ರಾಣಿ, ಒಂದೂ ನೆನಪಿಲ್ರಿ... ಮತ್ತ ನನ್ನ ಕೈ?"

"ನಾನು ಹೊಡೆಸಿದ್ದು."

ಪಂಚಪ್ಪ ಗೋಡೆಯ ಕಡೆ ಹೊರಳಿದ. ಊಟದ ತಟ್ಟೆ ಬಂತು. ಫ್ಲೋರಿನ್ ಸ್ಟೂಲೆಳೆದು ಕೂತು, ಅನ್ನಕ್ಕೆ ಸಾರು ಕಲಸಿ, ಚಮಚ ಮುಂದೆ ಹಿಡಿದಳು. ಅವನು ಇತ್ತ ಹೊರಳಿ, ತಟ್ಟೆ ಖಾಲಿಯಾಗುವವರೆಗೆ ತಿಂದ.