ಕೈಗುಣ ಒಪ್ಪಿಸಿದ ಮೇಲೆ

ನಾಳೆ ಸಂಜೆ ಕಳೆದುಹೋದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿಯೇ ಮುಗಿಯುತ್ತದೆ ಎಂದುಕೊಂಡು ರಂಜಿತ ಹೊಣಕೆರೆಯಲ್ಲಿ ಬಸ್ಸು ಹತ್ತಿದಳು. ಹಾಸನದ ಆಚೆಯ ಒಂದು ಆಯುರ್ವೇದ ಕಾಲೇಜಿನಲ್ಲಿ ಅವಳಿಗೆ ಸೀಟು ಸಿಕ್ಕಿತ್ತು. ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡು ಹೋಗಿ ದಾಖಲಾಗಲು ನಾಳೆಯೇ ಕಡೆಯ ದಿನ. ಮನೆಯಲ್ಲಿ ಮಾತ್ರ ಅವಳು, “ಈ ರೌಂಡಲ್ಲೂ ಏನೂ ಬರ್ಲಿಲ್ಲ” ಎಂದು ಹೇಳಿ, ಮುಖ ತೊಳೆಯುವ ನೆಪದಲ್ಲಿ ಬಚ್ಚಲಿಗೆ ನಡೆದುಬಿಟ್ಟಿದ್ದಳು. ಸಂತೆಬಾಚಹಳ್ಳಿಯ ಸೋದರತ್ತೆ ಪುಟ್ಟಗೌರಮ್ಮನ ಮನೆಯಲ್ಲಿ ಎರಡು ದಿನ ಉಳಿದರೆ ಯಾರ ಕಣ್ಣನ್ನೂ ಎದುರಿಸಬೇಕಾಗಿಲ್ಲ ಎಂಬುದು ಅವಳ ಎಣಿಕೆ.

ನೀಟ್ ಪರೀಕ್ಷೆಯನ್ನು ಅವಳು ಬರೆದದ್ದು ಇದು ಎರಡನೆಯ ಸಲ. ಎರಡು ಸಲವೂ ಅಂಕಗಳು ನಡುಮಟ್ಟದಲ್ಲಿಯೇ ನಿಂತವು. ನಾಚಿಕೆಪಡುವಷ್ಟು ಕಡಿಮೆಯೂ ಅಲ್ಲ, ಎಂಬಿಬಿಎಸ್ ಸೀಟು ತರುವಷ್ಟು ಹೆಚ್ಚೂ ಅಲ್ಲ. ಜೊತೆಯಲ್ಲಿ ಓದಿದ ಮೇಘನ ಕಳೆದ ವರ್ಷವೇ ಬಿಳಿಯ ಕೋಟು ತೊಟ್ಟು ತೆಗೆಸಿಕೊಂಡ ಫೋಟೋ ಕಳುಹಿಸಿದ್ದಳು. ಇನ್ನೊಂದು ವರ್ಷ ಓದಿದರೆ ತನಗೂ ಅದು ದೊರೆತೀತು ಎಂದು ರಂಜಿತ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೆ ಅವಳು ಸೀಟನ್ನು ಮುಚ್ಚಿಟ್ಟದ್ದಕ್ಕೆ ನಿಜವಾದ ಕಾರಣ ಮೇಘನ ಆಗಿರಲಿಲ್ಲ, ತಾತ ಜವರಯ್ಯ.

ಜವರಯ್ಯ ಮೂಳೆ ಕಟ್ಟುವವರು. ಆ ಮನೆತನದಲ್ಲಿ ಒಂದು ಕಟ್ಟಳೆಯಿತ್ತು. ಹಿರಿಯನಾದವನು ಬಿಸಿಮಾಡಿದ ಹರಳೆಣ್ಣೆಯನ್ನು ತನ್ನ ಅಂಗೈಯಿಂದ ಕಿರಿಯರ ಅಂಗೈಗೆ ಸುರಿದು ಕೈಗುಣವನ್ನು ಒಪ್ಪಿಸಿದನೆಂದರೆ, ಅಲ್ಲಿಂದ ಮುಂದೆ ಅವನು ಯಾರ ಮೂಳೆಯನ್ನೂ ಮುಟ್ಟುವಂತಿಲ್ಲ. ಮುಟ್ಟಿದರೆ ಪಡೆದವರ ಕೈ ಎಂದಿಗೂ ಫಲಿಸುವುದಿಲ್ಲ. ರಂಜಿತ ಮೊದಲ ಸಲ ಪರೀಕ್ಷೆಗೆ ಹೊರಟ ಮುಂಜಾನೆ, ಹಾಲಿನ ಡೈರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಅರ್ಧ ಊರಿನ ಎದುರಿಗೆ, ಜವರಯ್ಯ ಅವಳ ಕೈಗೆ ಎಣ್ಣೆ ಸುರಿದಿದ್ದರು. “ಇನ್ಮ್ಯಾಕೆ ನನ್ ತಾವ ಬರ್ಬ್ಯಾಡಿ ಕಣ್ರಪ್ಪ. ನನ್ ಮೊಮ್ಮಗಳು ಇಂಗ್ಲೀಷ್ ಡಾಕ್ಟ್ರಾಗ್ತಾವ್ಳೆ, ಅವ್ಳೇ ಕಟ್ತಾಳೆ” ಎಂದು ಸಾರಿಯೂ ಬಿಟ್ಟಿದ್ದರು. ಸೀಟು ಕೈಸೇರಿದ ಮೇಲೆ ಒಪ್ಪಿಸಬಹುದಾಗಿದ್ದುದನ್ನು ಪರೀಕ್ಷೆಗೂ ಮುಂಚೆಯೇ ಒಪ್ಪಿಸಿದ್ದರು; ಮೊಮ್ಮಗಳ ಮೇಲಿನ ನಂಬಿಕೆ ಅಷ್ಟು.

ಅದಾದ ಮರುತಿಂಗಳೇ ಎದುರು ಮನೆಯ ಚಿಕ್ಕಬೋರಮ್ಮ ಕೊಟ್ಟಿಗೆಯಲ್ಲಿ ಜಾರಿಬಿದ್ದು ಮಣಿಕಟ್ಟು ಮುರಿದುಕೊಂಡರು. ಜವರಯ್ಯ ಬಾಗಿಲಲ್ಲೇ ಕೈ ಮುಗಿದು, ಆಸ್ಪತ್ರೆಗೆ ಹೋಗುವಂತೆ ಹೇಳಿ ಕಳುಹಿಸಿದರು. ಆಕೆ ಆಸ್ಪತ್ರೆಗೆ ಹೋಗಲಿಲ್ಲ. ಇಂದಲ್ಲ ನಾಳೆ ಜವರಯ್ಯ ಮನಸ್ಸು ಬದಲಿಸಿಯಾರು ಎಂದು ಕಾದರು. ಕೈ ಸೊಟ್ಟಗೆ ಕೂಡಿಕೊಂಡಿತು. ದಿನವೂ ಬೆಳಗ್ಗೆ ಪುಸ್ತಕ ಹಿಡಿದು ಜಗಲಿಗೆ ಬರುವ ರಂಜಿತಳ ಎದುರಿಗೇ ಆಕೆ ಎಡಗೈಯಲ್ಲಿ ರಂಗೋಲಿಯ ಎಳೆ ಎಳೆಯುತ್ತಾ, “ಚೆನ್ನಾಗ್ ಓದ್ಕೊ ಮಗಾ” ಎನ್ನುತ್ತಿದ್ದರು. ಆ ಮಾತಿನಲ್ಲಿ ಕೊಂಕು ಇದ್ದಿದ್ದರೆ ಸಹಿಸಬಹುದಿತ್ತು. ಇರಲಿಲ್ಲ.

ಇಷ್ಟೆಲ್ಲ ತೆತ್ತು ಕೊನೆಗೆ ತಂದದ್ದು ಆಯುರ್ವೇದದ ಸೀಟು ಎಂದು ಯಾವ ಬಾಯಿಂದ ಹೇಳುವುದು?

ಸಂತೆಯ ದಿನವಾದ್ದರಿಂದ ಬಸ್ಸು ಊರ ಹೊರಗೇ ನಿಂತಿತು. ಸೊಪ್ಪಿನ ಕಂತೆ, ಕೋಳಿ, ಪ್ಲಾಸ್ಟಿಕ್ ಬಿಂದಿಗೆಗಳ ನಡುವೆ ದಾರಿ ಬಿಡಿಸಿಕೊಂಡು ಅತ್ತೆಯ ಬೀದಿಗೆ ತಿರುಗಿದ ರಂಜಿತ ಥಟ್ಟನೆ ನಿಂತಳು. ಅತ್ತೆಯ ಮನೆಯ ಜಗಲಿಯ ಮೇಲೆ ನಾಲ್ಕಾರು ಜನ ಕುಳಿತಿದ್ದರು; ಒಬ್ಬನ ತೋಳು ಟವೆಲಿನಲ್ಲಿ ಜೋತುಬಿದ್ದಿತ್ತು. ಅವರ ನಡುವೆ ಮಂಡಿಯೂರಿ, ದಪ್ಪ ಮೀಸೆಯವನೊಬ್ಬನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟನ್ನು ಬಳಿಯುತ್ತಿದ್ದವರು ಜವರಯ್ಯ. ಕಣ್ಣಿಗೆ ಔಷಧಿ ಹಾಕಿಸಿಕೊಂಡು ಬರುತ್ತೇನೆಂದು ಅವರು ಬೆಳಗ್ಗೆ ಪಾಂಡವಪುರಕ್ಕೆ ಹೊರಟಿದ್ದರು. ಪ್ರತಿ ಸಂತೆಯ ದಿನವೂ ಹಾಗೆಯೇ ಹೊರಡುತ್ತಿದ್ದರು.

“ತಾತ.”

ಜವರಯ್ಯ ತಲೆಯೆತ್ತಿದರು. ಮೊಣಕೈವರೆಗೆ ಮೆತ್ತಿದ್ದ ಹಿಟ್ಟಿನ ಸಮೇತ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

“ನಾನೇನೂ ಕಟ್ತಿಲ್ಲ ಕಣವ್ವ.”

“ಅಂಗಾದ್ರೆ ನನ್ ಕಾಲ್ಗೆ ಬಳ್ದಿರೋದು ಏನು, ದೋಸೆ ಹಿಟ್ಟಾ?” ಎಂದ ಮೀಸೆಯವನು. ಅವನು ಕರಿಯಯ್ಯ, ತೆಂಗಿನಕಾಯಿ ವ್ಯಾಪಾರಿ. ಸಂತೆಗೆ ಬರುವಾಗ ಮೊಪೆಡ್ಡಿನಿಂದ ಬಿದ್ದು ಕಾಲು ಉಳುಕಿಸಿಕೊಂಡಿದ್ದ. “ಯಾರವ್ವ ನೀನು? ಪೋಲೀಸ್ನೋಳಾ? ಈ ಮುದುಕಪ್ಪ ನಿನ್ನ ನೋಡಿ ಇಂಗ್ ನಡುಗ್ತಾವ್ನಲ್ಲ!”

“ಬಾಯ್ಮುಚ್ಕೊಂಡು ಕಾಲ್ ನೀಡ್ಲಾ” ಎಂದು ಜವರಯ್ಯ ಅವನನ್ನು ಗದರಿದರು. ಆದರೆ ಬಟ್ಟೆ ಸುತ್ತುವಾಗ ಅವರ ಬೆರಳುಗಳು ಎರಡು ಸಲ ತಪ್ಪಿದವು. ಸುತ್ತಿ ಮುಗಿಸಿ, ತೋಳು ಜೋತುಬಿದ್ದವನನ್ನು ಎಕ್ಸ್‌ರೇ ತೆಗೆಸಲು ಕೆ.ಆರ್. ಪೇಟೆಗೆ ಕಳುಹಿಸಿ, ಉಳಿದವರಿಗೆ ಕಾಯುವಂತೆ ಹೇಳಿ, ಮೊಮ್ಮಗಳ ಮುಖ ನೋಡದೆ ಒಳಗೆ ಹೋದರು.

ಅಡಿಗೆಮನೆಯಲ್ಲಿ ಪುಟ್ಟಗೌರಮ್ಮ ಮುದ್ದೆಗೆ ಎಸರಿಟ್ಟಿದ್ದಳು. ಅಣ್ಣನ ಮಗಳನ್ನು ಕಂಡದ್ದೇ, “ನಾನ್ ಬಡ್ಕೊಂಡೆ ಕಣೇ, ಒಂದಿನ ಸಿಕ್ಕಾಕ್ಕೊತೀಯ ಅಪ್ಪಯ್ಯ ಅಂತ. ಕೇಳ್ಬೇಕಲ್ಲ ಈ ವಯ್ಯ!” ಎಂದಳು.

ಜವರಯ್ಯ ಕೈ ತೊಳೆದುಕೊಳ್ಳದೆ ಗೋಡೆಗೆ ಒರಗಿ ಕುಳಿತರು.

“ಚಿಕ್ಕಬೋರಿ ಕೈ ಸೊಟ್ಟಗಾಯ್ತಲ್ಲವ್ವ, ಆಗಿಂದ ನಂಗೆ ಮುದ್ದೆ ಗಂಟ್ಲಲ್ಲಿ ಇಳೀಲಿಲ್ಲ. ಊರಲ್ಲಿ ಕಟ್ಟಿದ್ರೆ ನಿಂಗೆ ಗೊತ್ತಾಗ್ತದೆ, ಓದೋ ಮಗೀಗೆ ಮನ್ಸು ಕೆಡ್ತದೆ ಅಂತ ಇಲ್ಲಿಗ್ ಬಂದೆ. ಒಬ್ಬನ್ಗೆ ಕಟ್ಟಿ ಬುಟ್ಬುಡೋವ ಅಂದ್ಕೊಂಡೆ. ಆಗ್ಲಿಲ್ಲ.” ಅವರು ಅಂಗೈಯಲ್ಲಿ ಒಣಗುತ್ತಿದ್ದ ಹಿಟ್ಟನ್ನು ಉಗುರಿನಿಂದ ಕೆರೆದರು. “ಎಣ್ಣೆ ಉಯ್ದು ಒಪ್ಪಿಸ್ದೋನು ನಾನೇ, ಮುಟ್ದೋನೂ ನಾನೇ. ನಿಂಗೆ ಈ ಸಲ ಸೀಟು ಬರ್ದಂಗೆ ಮಾಡ್ದೋನು ನಾನೇ ಕಣವ್ವ. ನೀನು ಓದ್ದೆ. ಕೆಡಿಸ್ದೋನು ನಾನು.”

ರಂಜಿತ ಬಾಗಿಲ ಚೌಕಟ್ಟನ್ನು ಹಿಡಿದು ನಿಂತೇ ಇದ್ದಳು. ತಾನು ಏನೂ ಹೇಳಬೇಕಾಗಿಲ್ಲ ಎಂಬುದು ಅವಳಿಗೆ ಹೊಳೆಯಿತು. ಸುಮ್ಮನಿದ್ದರೆ ಸಾಕು. ನಾಳೆ ಸಂಜೆ ಕಳೆಯುತ್ತದೆ, ತಾತ ಜಗಲಿಯ ಕೆಲಸ ಬಿಡುತ್ತಾರೆ, ಇನ್ನೊಂದು ವರ್ಷದ ಓದಿಗೆ ಮನೆಯವರೆಲ್ಲ ಒಪ್ಪುತ್ತಾರೆ; ಅವಳ ನಡುಮಟ್ಟದ ಅಂಕಗಳಿಗೆ ಈ ಮುದುಕನ ಕೈಯೇ ಹೊಣೆಯಾಗಿ ಉಳಿಯುತ್ತದೆ. ಓದುವ ಕೋಣೆಯ ಬಾಗಿಲು ಹಾಕಿಕೊಂಡು ಮೊಬೈಲು ನೋಡುತ್ತಾ ಕಳೆದ ಮಧ್ಯಾಹ್ನಗಳು, ಅರ್ಥವಾಗದೆ ಬಿಟ್ಟ ಭೌತಶಾಸ್ತ್ರದ ಪಾಠಗಳು, ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಒಂದು ಗಳಿಗೆ ಅವಳಿಗೆ ಅದರಿಂದ ಹಗುರವೇ ಆಯಿತು. ಹಾಗೆ ಹಗುರವಾದದ್ದಕ್ಕೆ ಮರುಗಳಿಗೆಯೇ ತನ್ನ ಮೇಲೇ ಹೇಸಿಗೆಯಾಯಿತು.

“ಸೀಟು ಬಂದದೆ ತಾತ” ಎಂದಳು.

ಎಸರಿಗೆ ಹಿಟ್ಟು ಸುರಿಯುತ್ತಿದ್ದ ಅತ್ತೆಯ ಕೈ ನಿಂತಿತು.

“ಆಯುರ್ವೇದದ್ದು. ಹಾಸನದ ಆಚೆ. ನಾಳೇನೇ ಹೋಗಿ ಸೇರ್ಬೇಕು. ಸುಳ್ ಹೇಳ್ದೆ. ದಿನ ಕಳೀಲಿ ಅಂತಾನೇ ಇಲ್ಲಿಗ್ ಬಂದೆ.” ಅವಳು ಚೌಕಟ್ಟು ಬಿಟ್ಟು ಒಳಗೆ ಬಂದಳು. “ಮಾರ್ಕ್ಸು ಬರ್ದೇ ಇದ್ದಿದ್ದು ನಿಮ್ ಕೈಯಿಂದಲ್ಲ. ನಾನು ಓದಿದ್ದೇ ಅಷ್ಟು.”

ಜವರಯ್ಯ ಹಿಟ್ಟು ಕೆರೆಯುವುದನ್ನು ಬಿಟ್ಟು ತಲೆಯೆತ್ತಿದರು.

“ನನ್ನಿಂದ ಅಲ್ವಾ?”

“ಅಲ್ಲ.”

“ಅಲ್ವಾ” ಎಂದು ಮತ್ತೊಮ್ಮೆ ಅಂದುಕೊಂಡರು. ಅವರ ಭುಜಗಳು ಸಡಿಲಗೊಂಡವು. ಆದರೆ ಮುಖ ಬಿಗಿಯಾಯಿತು. “ಬಂದ್ ಸೀಟ್ನ ಬಚ್ಚಿಟ್ಯಾ? ನಾನು ದೇವ್ರಿಗೆ ಕೈ ಮುಗಿಯಾಕೂ ಎದರ್ಕೊಂಡು ತಿರುಗ್ತಿದ್ರೆ, ನೀನು ಬಂದಿದ್ದನ್ನ ಒಗ್ದು ಬುಡಾಕೆ ಬಸ್ ಹತ್ಬಂದ್ಯಾ?”

“ಊರೆದ್ರಿಗೆ ಇಂಗ್ಲೀಷ್ ಡಾಕ್ಟ್ರು ಅಂದಿದ್ರಲ್ಲ ತಾತ.”

“ಅಂದೆ. ಅದು ನನ್ ಬಾಯಿ ಕಣವ್ವ. ನನ್ ಬಾಯಿ ಉಳ್ಸಾಕೆ ನಿನ್ ಓದ್ನ ಯಾಕೆ ಕೆರೆಗಾಕ್ತೀಯ?”

“ಇಬ್ರೂ ಸರಿಯಾಗಿದ್ದೀರಿ! ಒಬ್ರು ಕಣ್ಣಿಗೆ ಔಸ್ದಿ ಅಂತೀರಿ, ಇನ್ನೊಬ್ಳು ಸೀಟಿಲ್ಲ ಅಂತಾಳೆ. ನಡುಮಧ್ಯೆ ಮೊಟ್ಟೆ ಒಡ್ದು ಒಡ್ದು ನಾನ್ ಸತ್ತೆ” ಎಂದು ಪುಟ್ಟಗೌರಮ್ಮ ಕೋಲಿನಿಂದ ಮುದ್ದೆಯನ್ನು ತಿರುವತೊಡಗಿದಳು. “ಮೊದ್ಲು ಅಣ್ಣಯ್ಯನ್ಗೆ ಫೋನ್ ಮಾಡು.”

ರಂಜಿತ ತಂದೆ ಅಶೋಕನಿಗೆ ಫೋನು ಮಾಡಿ ಸೀಟಿನ ವಿಷಯವನ್ನೂ ತನ್ನ ಸುಳ್ಳನ್ನೂ ಹೇಳಿದಳು. ಆ ಕಡೆಯಿಂದ ಬಂದ ಬೈಗುಳವನ್ನು ತಡೆಯದೆ ಕೇಳಿಸಿಕೊಂಡಳು. ಬೈದು ಸಾಕಾದ ಮೇಲೆ ಅಶೋಕ, “ತಾತನ್ಗೆ ಏನಂತ ಹೇಳ್ಳಿ ನಾನು? ಪಾಂಡವಪುರದಿಂದ ಇನ್ನೂ ಬಂದಿಲ್ಲ. ನಿನ್ ವಿಷ್ಯ ಕೇಳಿ ಎದೆ ಒಡ್ಕೊಂಡ್ಬುಟ್ಟಾನು ಆ ಮುದುಕ” ಎಂದ.

ಅವಳು ತಾತನ ಕಡೆ ನೋಡಿದಳು. ಅವರ ಗುಟ್ಟನ್ನು ತಾನು ಬಯಲು ಮಾಡಲಾರಳು; ಮತ್ತೊಂದು ಸುಳ್ಳನ್ನು ಆಡಲೂ ನಾಲಿಗೆ ಏಳದು. ಮಗನ ಮಾತು ಫೋನಿನಾಚೆಯಿಂದ ತಾತನಿಗೂ ಕೇಳಿಸಿತ್ತು. ಜವರಯ್ಯ ಕೈ ಚಾಚಿ, ಹಿಟ್ಟು ಮೆತ್ತಿದ ಬೆರಳುಗಳಿಂದಲೇ ಫೋನನ್ನು ತೆಗೆದುಕೊಂಡರು.

“ಲೇ ಅಶೋಕ, ನಾನ್ ಕಣ್ಲಾ. ಪಾಂಡವಪುರಕ್ಕೆ ಓಗಿಲ್ಲ. ನಿನ್ ತಂಗಿ ಮನೇಲಿ ಮೂಳೆ ಕಟ್ತಾ ಅವ್ನಿ. … ಊಂ, ಕಟ್ತಾನೇ ಅವ್ನಿ, ಬಾಳ ದಿನದಿಂದ. … ಬೈಯೋದ್ನ ಆಮ್ಯಾಕೆ ಬೈವಂತೆ, ಮೊದ್ಲು ಮಗೀನ ಅಂಕಪಟ್ಟಿ ಎಲ್ಲ ತಗೊಂಡು ಗಾಡೀಲಿ ಇಲ್ಲಿಗೆ ಬಾ. ಒತ್ತಾರೆ ಮೊದಲ್ನೇ ಬಸ್ಗೆ ಇಬ್ರೂ ಹೊರಡಿ.”

ಫೋನನ್ನು ಹಿಂದಿರುಗಿಸುವಾಗಲೂ ಅವರು ಮೊಮ್ಮಗಳ ಮುಖ ನೋಡಲಿಲ್ಲ. ಕೋಪ ಇಳಿದಿರಲಿಲ್ಲ, ಅದು ಬೇಗ ಇಳಿಯುವಂಥದ್ದಲ್ಲವೆಂದು ರಂಜಿತಳಿಗೂ ಗೊತ್ತಿತ್ತು. ಹೊರಗೆ ಕಾಯುತ್ತಿದ್ದವರಲ್ಲಿ ಯಾರೋ ಕೂಗಿದರು. ಜವರಯ್ಯ ಗೋಡೆ ಹಿಡಿದು ಎದ್ದು ಜಗಲಿಗೆ ನಡೆದರು. ಅವಳು ಹಿಂದೆಯೇ ಹೋಗಿ ಹೊಸ್ತಿಲ ಒಳಗಡೆ ನಿಂತಳು. ಕರೆದಾರೇನೋ ಎಂದು ಕಾದಳು. ಅವರು ಕರೆಯಲಿಲ್ಲ, ಹೋಗೆಂದೂ ಹೇಳಲಿಲ್ಲ; ಈ ಸಲ ಕೈಗಳನ್ನು ಅಡಗಿಸದೆ, ಅವಳ ಕಣ್ಣೆದುರಿಗೇ ಕಾದಿದ್ದವನೊಬ್ಬನಿಗೆ ಹಿಟ್ಟು ಬಳಿಯತೊಡಗಿದರು.